‘ಫ್ಯಾಮಿಲಿ’ಯಲ್ಲಿ ಯಾರು ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪೇಟೆಗಳಲ್ಲಿ ‘ಫ್ಯಾಮಿಲಿ’ ಎಂಬುದು ಇಂದು ಮನೆಮಾತು. ಬಟ್ಟೆ ನೋಡಲು ಬಂದವರು ‘ನಾಳೆ ಫ್ಯಾಮಿಲಿ ಕರೆದುಕೊಂಡು ಬರುತ್ತೇನೆ’ ಎಂದರೆ ಪತ್ನಿಯನ್ನು ಎಂದರ್ಥ. ಮದುವೆಗೆ ‘ಫ್ಯಾಮಿಲಿ ಸಮೇತ ಬನ್ನಿ’ ಎಂದರೆ ಮಕ್ಕಳೂ ಸೇರಿದರು. ಆದರೆ ಈ ಪದದ ಮೂಲವನ್ನು ವಿಚಾರಿಸಿದರೆ ಆಶ್ಚರ್ಯವಾಗುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಫಾಮುಲುಸ್’ ಎಂದರೆ ಸೇವಕ. ಅದರಿಂದ ಹುಟ್ಟಿದ ‘ಫಮಿಲಿಯಾ’ ಯಜಮಾನನ ಅಧೀನದಲ್ಲಿದ್ದ ಮನೆಯವರನ್ನೂ ದಾಸದಾಸಿಯರನ್ನೂ ಒಳಗೊಂಡಿತ್ತು. ಎಷ್ಟೋ ವೇಳೆ ದಾಸರ ಸಮೂಹಕ್ಕೇ ಆ ಹೆಸರು. 15ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಮನೆಯ ಆಳುಕಾಳುಗಳನ್ನು ಸೂಚಿಸುತ್ತಿತ್ತು. ತಂದೆ, ತಾಯಿ, ಮಕ್ಕಳು ಎಂಬ ಅರ್ಥ ಬಲಗೊಂಡದ್ದು 17ನೆಯ ಶತಮಾನದಿಂದೀಚೆಗೆ. ಯಾರಿಂದ ಪದ ಹುಟ್ಟಿತೋ ಅವರೇ ಪದದಿಂದ ಹೊರಬಿದ್ದರು.

ನಮ್ಮ ಆಚಾರ್ಯರು ಅವರನ್ನು ಮರೆಯಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ, ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳ ಸಾಲಿನಲ್ಲಿ ದಾಸೀದಾಸರೂ ಬರುತ್ತಾರೆ. ಇಲ್ಲಿಯೂ ಆಳು ಆಸ್ತಿಯ ಲೆಕ್ಕದಲ್ಲೇ ಇದ್ದನೆಂದು ಒಪ್ಪಿಕೊಳ್ಳಬೇಕು. ಆದರೆ ರೋಮಿನಲ್ಲಿ ಅದು ಯಜಮಾನನ ಹಕ್ಕು. ಇಲ್ಲಿ ಶ್ರಾವಕನಿಗೆ ಹಾಕಿದ ಮಿತಿ. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗವನ್ನು ಕತ್ತರಿಸುವ ಛೇದ, ಶಕ್ತಿ ಮೀರಿ ಹೊರಿಸುವ ಅತಿಭಾರಾರೋಪಣ, ಹೊತ್ತಿಗೆ ಅನ್ನನೀರು ತಪ್ಪಿಸುವ ಅನ್ನಪಾನನಿರೋಧ. ಮೊದಲ ಮೂರನ್ನು ಮಾಡುವುದಿಲ್ಲವೆಂದು ನಾವು ನೆಮ್ಮದಿಯಿಂದಿದ್ದೇವೆ. ಕೊನೆಯ ಎರಡು?

ಕೆಲವು ವರ್ಷಗಳ ಹಿಂದೆ, ಅನಂತ ಚತುರ್ದಶಿಯಂದು, ಉಪವಾಸ ಹಿಡಿದು ಜಿನಮಂದಿರದಲ್ಲಿ ಸ್ವಾಧ್ಯಾಯಕ್ಕೆ ಕುಳಿತಿದ್ದೆ. ಅಂಗಡಿಯನ್ನು ಕೆಲಸದ ಯುವಕನಿಗೆ ಒಪ್ಪಿಸಿದ್ದೆ. ಬೇಗ ಬರುತ್ತೇನೆಂದವನು ಹಿಂತಿರುಗಿದ್ದು ಮಧ್ಯಾಹ್ನ ಮೂರಕ್ಕೆ. ಗಲ್ಲಾ ಬಿಟ್ಟು ಆತ ಹೊರಗೆ ಹೋಗುವಂತಿರಲಿಲ್ಲ. ‘ಊಟ ಆಯ್ತೇನಪ್ಪ?’ ಎಂದೆ. ‘ನಿಮ್ದೂ ಆಗಿಲ್ವಲ್ಲ, ಯಜಮಾನ್ರೇ’ ಎಂದ. ನನ್ನದು ಸಂಕಲ್ಪ ಮಾಡಿದ ಉಪವಾಸ. ಆತನದು ಬರಿಯ ಹಸಿವು. ನಿರ್ಜರೆಗೆಂದು ಕುಳಿತವನು ಅಂದು ಕರ್ಮವನ್ನು ಕಟ್ಟಿಕೊಂಡು ಎದ್ದಿದ್ದೆ.

ಈಗ ಯಾರೂ ದಾಸರಲ್ಲ, ಸಂಬಳ ಕೊಡುತ್ತೇವೆ ಎನ್ನಬಹುದು. ತಿಂಗಳ ಸಂಬಳ ಮಧ್ಯಾಹ್ನದ ಹಸಿವಿಗೆ ಉತ್ತರವಲ್ಲ. ‘ಅವನೂ ನಮ್ಮ ಫ್ಯಾಮಿಲಿಯವನೇ’ ಎಂದೂ ಹೇಳುತ್ತೇವೆ. ಬಹುಮಟ್ಟಿಗೆ ಹೊತ್ತು ಮೀರಿ ದುಡಿಸಿಕೊಳ್ಳುವಾಗ. ಅದೂ ಅತಿಭಾರಾರೋಪಣವೇ. ಮನೆಯವನೆಂದು ಕರೆಯದಿದ್ದರೂ ಚಿಂತೆಯಿಲ್ಲ, ಹೊತ್ತಿಗೆ ಊಟಕ್ಕೆ ಬಿಡೋಣ, ಹೊತ್ತಿಗೆ ಮನೆಗೆ ಕಳುಹಿಸೋಣ. ಪರ್ವದ ದಿನ ಮಂದಿರದ ಪಾತ್ರೆ ತೊಳೆಯುವವರು ಎಷ್ಟು ಗಂಟೆಗೆ ಉಣ್ಣುತ್ತಾರೆಂದು ಟ್ರಸ್ಟಿನವರೂ ಒಮ್ಮೆ ವಿಚಾರಿಸಲಿ.