ಮಂಜಿನಲ್ಲಿ ಯಾರ ಮಾತು ಪ್ರಮಾಣ?

ಕೆನಡಾದ ಉತ್ತರದಲ್ಲಿ, 69 ಡಿಗ್ರಿ ಅಕ್ಷಾಂಶದ ಮೇಲೆ, ಇಗ್ಲೂಲಿಕ್ ಎಂಬ ಪುಟ್ಟ ದ್ವೀಪವಿದೆ. ನವೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಮುಳುಗಿದ ಸೂರ್ಯ ಮತ್ತೆ ತಲೆಯೆತ್ತುವುದು ಜನವರಿಯ ಮಧ್ಯದಲ್ಲಿ. ಗುರುತಿಗೆ ಒಂದು ಮರವಿಲ್ಲ. ವರ್ಷದ ಬಹುಪಾಲು ಸಮುದ್ರವೂ ಹೆಪ್ಪುಗಟ್ಟಿರುವುದರಿಂದ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯದು. ಅಲ್ಲಿನ ಇನ್ಯೂಟ್ ಜನ ವಾಲ್ರಸ್, ಸೀಲ್, ಕ್ಯಾರಿಬೂಗಳನ್ನು ಬೇಟೆಯಾಡಿ ಬದುಕಿದವರು. ಇಗ್ಲೂಲಿಕ್‌ನಲ್ಲಿ ಬೇಟೆ ಇಂದಿಗೂ ಮನೆಯ ಊಟ.

ಇಂಥ ಕಡೆ ದಾರಿ ತೋರಬೇಕಾದ ಎರಡು ಹಳೆಯ ಸಾಧನಗಳು ಕೈಕೊಡುತ್ತವೆ. ಭೂಮಿಯ ಉತ್ತರ ಕಾಂತಧ್ರುವ ಬಹುಕಾಲ ಕೆನಡಾದ ಈ ದ್ವೀಪಸಮೂಹದ ನಡುವೆಯೇ ಇತ್ತು. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಗುರುತಿಸಿದ್ದು ಇಗ್ಲೂಲಿಕ್‌ನ ಪಶ್ಚಿಮಕ್ಕಿರುವ ಬೂತಿಯಾ ಪರ್ಯಾಯದ್ವೀಪದಲ್ಲಿ. ಧ್ರುವ ಹತ್ತಿರವಿದ್ದರೆ ದಿಕ್ಸೂಚಿಯ ಮುಳ್ಳು ನೆಚ್ಚಿಕೆಗೆ ಬರುವುದಿಲ್ಲ. ಧ್ರುವನಕ್ಷತ್ರವಂತೂ ನೆತ್ತಿಯ ಸಮೀಪಕ್ಕೇ ಏರಿ ಕೂತಿರುತ್ತದೆ; ಅಷ್ಟು ಎತ್ತರದ ಚುಕ್ಕೆಯಿಂದ ಉತ್ತರ ಯಾವ ಕಡೆ ಎಂದು ಹೇಳುವುದು ಕಷ್ಟ. 1990ರ ದಶಕದಲ್ಲಿ ಅಂಗೈಯಗಲದ ಜಿಪಿಎಸ್ ಯಂತ್ರಗಳು ಈ ಊರಿಗೆ ಬಂದಾಗ ಬೇಟೆಗಾರರು ಅವನ್ನು ಕೊಂಡುಕೊಂಡರು. ಬೇಸಿಗೆಯಲ್ಲಿ ತೇಲುವ ಹಿಮಗಡ್ಡೆಗಳ ನಡುವೆ ದೋಣಿಯಲ್ಲಿ ವಾಲ್ರಸ್ ಹುಡುಕುವವರಿಗೆ, ಮಂಜು ಕವಿದು ಕರಾವಳಿ ಮರೆಯಾದಾಗ, ಅದು ಜೀವ ಉಳಿಸುವ ವಸ್ತು.

ಯಾವ ಯಂತ್ರ ಕೊಳ್ಳಬೇಕು ಎಂಬುದು ಅಂಗಡಿಯ ಪ್ರಶ್ನೆ. ಅದರೊಳಗೆ ಭಾರತದ ದರ್ಶನಗಳು ಸಾವಿರ ವರ್ಷಕ್ಕೂ ಮಿಕ್ಕಿ ವಾದಿಸಿದ ಪ್ರಶ್ನೆಯೊಂದಿದೆ: ತಿಳಿವಳಿಕೆಗೆ ಆಧಾರ ಯಾವುದು, ಯಾವುದನ್ನು ಪ್ರಮಾಣವೆಂದು ಒಪ್ಪಬೇಕು? ಚಾರ್ವಾಕರು ಪ್ರತ್ಯಕ್ಷ ಒಂದೇ ಸಾಕೆಂದರು. ಬೌದ್ಧ ತಾರ್ಕಿಕರು ಅನುಮಾನವನ್ನೂ, ಅಂದರೆ ಗುರುತಿನಿಂದ ಊಹಿಸಿ ತಿಳಿಯುವುದನ್ನೂ, ಸೇರಿಸಿದರು. ನ್ಯಾಯ ದರ್ಶನದ ನೈಯಾಯಿಕರು ನಂಬಿಕಸ್ಥರ ಮಾತನ್ನೂ, ಅಂದರೆ ಶಬ್ದವನ್ನೂ, ಬೇರೆಯೇ ಪ್ರಮಾಣವೆಂದು ಎಣಿಸಿದರು. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ (ಶಾಸ್ತ್ರವಚನ) ಎಂದು ಮೂರಕ್ಕೆ ನಿಲ್ಲಿಸಿದರು. ಈ ವಾದವೆಲ್ಲ ಗ್ರಂಥಗಳಲ್ಲಿ ಓದುವಾಗ ಒಣಗಿದಂತೆ ಕಂಡೀತು. ಮೈನಸ್ 30 ಡಿಗ್ರಿ ಚಳಿಯಲ್ಲಿ, ಮನೆ ಯಾವ ದಿಕ್ಕಿಗೆ ಎಂದು ಕೇಳಿಕೊಳ್ಳುವವನಿಗೆ ಅದು ಹೊಟ್ಟೆಯ ಹಸಿವಿನಷ್ಟೇ ನಿಜ.

ಇನ್ಯೂಟರ ಹಳೆಯ ವಿದ್ಯೆಯನ್ನೇ ನೋಡಬಹುದು. ಇಗ್ಲೂಲಿಕ್ ಸುತ್ತ ಚಳಿಗಾಲದಲ್ಲಿ ವಾಯುವ್ಯದ ಕಡೆಯಿಂದ ಬೀಸುವ ಬಲವಾದ ಗಾಳಿಗೆ ಉವಾಂಗ್ನಾಕ್ ಎಂದು ಹೆಸರು. ಅದು ಹಿಮವನ್ನು ನಾಲಿಗೆಯಾಕಾರದ ಗಟ್ಟಿ ದಿಬ್ಬಗಳಾಗಿ ಕೊರೆಯುತ್ತದೆ. ಆಮೇಲೆ ಬೇರೆ ಗಾಳಿ ಬೀಸಿದರೂ ಆ ದಿಬ್ಬಗಳು ಸುಲಭಕ್ಕೆ ಅಳಿಯುವುದಿಲ್ಲ. ದಿಬ್ಬಗಳನ್ನು ಒಂದೇ ಕೋನದಲ್ಲಿ ಹಾದುಹೋಗುತ್ತಿದ್ದರೆ ದಿಕ್ಕು ತಪ್ಪುವುದಿಲ್ಲ. ಕತ್ತಲಲ್ಲಿ ಕಣ್ಣಿಗೆ ಕಾಣದಿದ್ದರೂ ಕಾಲಿಗೆ, ಜಾರುಬಂಡಿಯ ಏರಿಳಿತಕ್ಕೆ ಅವು ತಿಳಿಯುತ್ತವೆ. ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಇದು ಅಚ್ಚುಕಟ್ಟಾದ ಅನುಮಾನ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಪಾಠದಲ್ಲಿ ಹೊಗೆಗಿರುವ ಜಾಗ ಇಲ್ಲಿ ದಿಬ್ಬಕ್ಕೆ. ದಿಬ್ಬಕ್ಕೂ ಗಾಳಿಗೂ ಇರುವ ತಪ್ಪದ ನಂಟೇ ವ್ಯಾಪ್ತಿ. ಅಜ್ಜನ ಹಿಂದೆ ಕೂತು ವರ್ಷಗಟ್ಟಲೆ ಪಯಣಿಸಿದ ಹುಡುಗ ಈ ವ್ಯಾಪ್ತಿಯನ್ನು ಮೈಯಲ್ಲೇ ಕಲಿಯುತ್ತಾನೆ.

ಜಿಪಿಎಸ್ ಯಾವ ಪ್ರಮಾಣ? ಪರದೆಯ ಮೇಲೆ ಅಂಕಿಗಳು ಕಾಣುತ್ತವೆ, ಆದ್ದರಿಂದ ಪ್ರತ್ಯಕ್ಷ ಎಂದುಬಿಡುವುದು ಸುಲಭ. ಕಾಣುವುದು ಅಂಕಿ ಮಾತ್ರ. ತಾನು ಇರುವ ಜಾಗವನ್ನು ಆ ಅಂಕಿ ಹೇಳುತ್ತದೆ, ತೋರುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸಮಯವನ್ನೂ ತಾವಿರುವ ಸ್ಥಾನವನ್ನೂ ಬಿಡದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಾರಿಕೆ ಕೇಳಿಸಿಕೊಂಡ ಯಂತ್ರ ಲೆಕ್ಕ ಹಾಕಿ ಸ್ಥಾನ ಹೇಳುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅಲ್ಲಿನ ಗಡಿಯಾರಗಳು ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ; ಅದನ್ನು ಸರಿಪಡಿಸದಿದ್ದರೆ ದೂರದ ಲೆಕ್ಕದಲ್ಲಿ ಒಂದೇ ದಿನಕ್ಕೆ 10 ಕಿಲೋಮೀಟರಿಗೂ ಮಿಕ್ಕ ತಪ್ಪು ಸೇರುತ್ತದೆ. ಬೇಟೆಗಾರನಿಗೆ ಇದಾವುದೂ ಕಾಣುವುದಿಲ್ಲ. ಬೇರೆಯವರು ಹೇಳಿದ್ದನ್ನು ಅವನು ಒಪ್ಪಿಕೊಳ್ಳುತ್ತಾನೆ. ಹಾಗಾಗಿ ಜಿಪಿಎಸ್ ಶಬ್ದಪ್ರಮಾಣದ ಸಾಲಿಗೆ ಸೇರಬೇಕಾದ್ದು.

ಶಬ್ದವೆಂದ ಮೇಲೆ ಹೇಳುವವನು ಯಾರು ಎಂದು ಕೇಳಲೇಬೇಕು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ, ಅಂದರೆ ನಂಬಬಹುದಾದ ಹೇಳುಗನಿಗೆ, ಎರಡು ಲಕ್ಷಣ ಹೇಳುತ್ತಾನೆ: ವಿಷಯವನ್ನು ಅವನು ನೇರವಾಗಿ ಬಲ್ಲವನಾಗಿರಬೇಕು, ಬಲ್ಲದ್ದನ್ನು ಇದ್ದಂತೆಯೇ ತಿಳಿಸುವ ಇಚ್ಛೆಯೂ ಅವನಿಗಿರಬೇಕು. 2000ದ ಮೇ ತಿಂಗಳವರೆಗೆ ಜಿಪಿಎಸ್‌ಗೆ ಮೊದಲನೆಯ ಲಕ್ಷಣವಿತ್ತು, ಎರಡನೆಯದು ಇರಲಿಲ್ಲ. ಅಮೆರಿಕದ ಸೇನೆ ನಾಗರಿಕರಿಗೆ ಬಿಡುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಯಂತ್ರ ತೋರಿದ ಜಾಗ ನಿಜವಾದ ಜಾಗದಿಂದ ನೂರು ಮೀಟರಿನಷ್ಟು ಆಚೀಚೆ ಇರಬಹುದಿತ್ತು. ಆ ಬೆರಕೆಯನ್ನು ನಿಲ್ಲಿಸಿದ ದಿನ, ಯಾರ ಕೈಯ ಯಂತ್ರವೂ ಬದಲಾಗದೆ, ಜಗತ್ತಿನ ಎಲ್ಲ ಯಂತ್ರಗಳೂ ಹೆಚ್ಚು ನಿಖರವಾದವು. ಬದಲಾದದ್ದು ಹೇಳುವವನ ಮನಸ್ಸು. ಇಂಥ ಮಾತಿನ ಒಡೆತನ ತಮ್ಮಲ್ಲೂ ಇರಬೇಕೆಂದು ಬೇರೆ ದೇಶಗಳೂ ಬಯಸಿದವು. ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಏರಿದ್ದು 2013ರಲ್ಲಿ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ವಾತ್ಸ್ಯಾಯನನ ಇನ್ನೊಂದು ಮಾತು ಇನ್ನೂ ಉದಾರವಾದದ್ದು. ಆಪ್ತನ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ ಅವನು. ಬಲ್ಲವರು ಯಾರೇ ಆಗಲಿ, ಅವರ ಮಾತು ಪ್ರಮಾಣ. ಇಗ್ಲೂಲಿಕ್‌ನ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. 1821ರಲ್ಲಿ ಬ್ರಿಟಿಷ್ ನೌಕಾಪಡೆಯ ವಿಲಿಯಂ ಪ್ಯಾರಿ, ಫ್ಯೂರಿ ಮತ್ತು ಹೆಕ್ಲಾ ಎಂಬ ಎರಡು ಹಡಗುಗಳಲ್ಲಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಉತ್ತರದ ದಾರಿ ಹುಡುಕುತ್ತ ಬಂದ. ಚಳಿಗಾಲ ಕಳೆಯಲು ಹಡಗುಗಳು ನಿಂತಾಗ ಇಲಿಗ್ಲಿಯುಕ್ ಎಂಬ ಇನ್ಯೂಟ್ ಹೆಂಗಸು ಅವನಿಗೆ ಕರಾವಳಿಯ ನಕ್ಷೆ ಬರೆದುಕೊಟ್ಟಳು. ಮುಂದೆ ಉತ್ತರಕ್ಕೆ ಹೋದರೆ ಪಶ್ಚಿಮಕ್ಕೆ ತಿರುಗುವ ಒಂದು ಜಲಸಂಧಿ ಇದೆ ಎಂದು ಆ ನಕ್ಷೆ ತೋರಿಸಿತು. ಕ್ರೋನೋಮೀಟರ್, ಸೆಕ್ಸ್‌ಟೆಂಟ್‌ಗಳಿದ್ದ ಪ್ಯಾರಿ ಅವಳ ಮಾತನ್ನು ನಂಬಿ ಹೊರಟ. ಜಲಸಂಧಿ ಅವಳು ಹೇಳಿದಲ್ಲೇ ಇತ್ತು. ಹಿಮ ಕಟ್ಟಿದ್ದರಿಂದ ಹಡಗು ದಾಟಲಾಗಲಿಲ್ಲ. ಇಂದಿನ ನಕ್ಷೆಗಳಲ್ಲಿ ಅದಕ್ಕೆ ಎರಡು ಹಡಗುಗಳ ಹೆಸರಿದೆ. ದಾರಿ ಹೇಳಿದವಳ ಹೆಸರಿಲ್ಲದಿರುವುದು ಅನ್ಯಾಯ.

ಆಪ್ತನ ಮಾತನ್ನು ಒಪ್ಪುವುದೇನೋ ಸರಿ, ಎಲ್ಲಿಯವರೆಗೆ ಒಪ್ಪಬೇಕು? ಇಲ್ಲಿ ವೇದವಿಚಾರದ ಮೀಮಾಂಸಕರಿಗೂ ನೈಯಾಯಿಕರಿಗೂ ಹಳೆಯ ಜಗಳ. ಹುಟ್ಟಿದ ತಿಳಿವಳಿಕೆ ತಾನಾಗಿಯೇ ಪ್ರಮಾಣ, ತಪ್ಪೆಂದು ತೋರುವವರೆಗೆ ಅದನ್ನು ನಂಬಿ ನಡೆಯಬೇಕು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯ. ಹೊರಗಿನ ಪರೀಕ್ಷೆಯಲ್ಲಿ, ಕೆಲಸ ಕೈಗೂಡುವುದರಲ್ಲಿ, ಅದು ನಿಜವೆಂದು ತಿಳಿಯುತ್ತದೆ ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯ. ಬೇಟೆಗಾರನಿಗೆ ಎರಡೂ ಬೇಕು. ಹೆಜ್ಜೆ ಹೆಜ್ಜೆಗೂ ಸಂಶಯಪಟ್ಟರೆ ಅವನು ಚಳಿಯಲ್ಲಿ ನಿಂತೇ ಸಾಯುತ್ತಾನೆ. ಸಂಶಯವನ್ನೇ ಪಡದವನ ಗತಿಯೂ ಬೇರೆಯಲ್ಲ. ಈ ತೊಡಕಿನಲ್ಲಿ ಮಧ್ವರ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರು ಸ್ವತಃಪ್ರಾಮಾಣ್ಯವನ್ನೇ ಒಪ್ಪುತ್ತಾರೆ, ಆದರೆ ಸಂಶಯ ಎದ್ದಾಗ ಪರೀಕ್ಷೆ ಬೇಕೆನ್ನುತ್ತಾರೆ. ಕೊನೆಯ ನಿರ್ಣಯ ಒಳಗಿನ ಸಾಕ್ಷಿಯದು, ಅಂದರೆ ಅರಿಯುವ ಆತ್ಮದ್ದೇ. ಜೊತೆಗೆ, ಪ್ರತ್ಯಕ್ಷದ ಕ್ಷೇತ್ರದಲ್ಲಿ ಬಲವಾದ ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಆಗಮವನ್ನೂ ಅರ್ಥಮಾಡಬಾರದು ಎಂಬುದು ಅವರ ಗಟ್ಟಿ ನಿಲುವು.

ಆ ನಿಲುವಿಗೆ ಹಿಮದ ಮೇಲೆ ಜೀವನ್ಮರಣದ ಬೆಲೆಯಿದೆ. ಯಂತ್ರದಲ್ಲಿ ಗುರಿಯ ಜಾಗವನ್ನು ಆರಿಸಿ 'ಅಲ್ಲಿಗೆ ಹೋಗು' ಎಂದರೆ ಅದು ನೇರ ಗೆರೆ ಎಳೆಯುತ್ತದೆ. ಆ ಗೆರೆಗೆ ಕಡಿದಾದ ದಂಡೆ ಗೊತ್ತಿಲ್ಲ, ನೀರಿನ ಸೆಳೆತ ಅಡಿಯಿಂದ ಸವೆಸಿದ ಹಿಮವೂ ಗೊತ್ತಿಲ್ಲ. ಹೊಸದಾಗಿ ಕಟ್ಟಿದ ತೆಳು ಹಿಮ ಕಪ್ಪಾಗಿ ಕಾಣುತ್ತದೆ; ಅನುಭವಿ ಬೇಟೆಗಾರ ಇಳಿದು ಹಾರ್ಪೂನ್ ಎಂಬ ಈಟಿಯಿಂದ ಕುಟ್ಟಿ ನೋಡುತ್ತಾನೆ. ಮೊನೆ ಒಳಗಿಳಿಯಿತೋ ಇಲ್ಲವೋ ಎಂಬುದೇ ತೀರ್ಪು. ಆ ಕ್ಷಣದಲ್ಲಿ ಉಪಗ್ರಹಗಳು ಸ್ಥಾನವನ್ನು ಎಷ್ಟೇ ನಿಖರವಾಗಿ ಹೇಳುತ್ತಿರಲಿ, ಹಿಮದ ವಿಷಯದಲ್ಲಿ ಅವು ಮಾತನ್ನೇ ಆಡಿಲ್ಲ. ಆಡದ ಮಾತನ್ನು ಗೆರೆಯಲ್ಲಿ ಓದಿಕೊಳ್ಳುವುದು ಓದಿದವನ ತಪ್ಪು.

ಇಷ್ಟು ತಿಳಿದ ಮೇಲೆ ಕೊಳ್ಳುವ ಯಂತ್ರ ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುವಂಥದ್ದಾಗಿರಬೇಕು. ಅಮೆರಿಕದ ಉಪಗ್ರಹಗಳ ಕಕ್ಷೆ 55 ಡಿಗ್ರಿ ವಾಲಿದೆ, ಆದ್ದರಿಂದ ಇಗ್ಲೂಲಿಕ್‌ನಲ್ಲಿ ಅವು ನೆತ್ತಿಯ ಮೇಲೆ ಬರುವುದೇ ಇಲ್ಲ. ರಷ್ಯಾದ ಗ್ಲೋನಾಸ್ ಕಕ್ಷೆ ಸುಮಾರು 65 ಡಿಗ್ರಿ ವಾಲಿರುವುದರಿಂದ ಉತ್ತರದಲ್ಲಿ ಅದರ ಸಂಕೇತ ಚೆನ್ನಾಗಿ ಒದಗುತ್ತದೆ. ಎರಡನ್ನೂ ಹಿಡಿಯುವ ಯಂತ್ರಕ್ಕೆ, ಬೇರೆ ಬೇರೆ ಒಡೆಯರ ಎರಡು ಸಾಕ್ಷಿಗಳು ಸಿಕ್ಕಂತೆ. ಕೈಗವಸು ಹಾಕಿಕೊಂಡೇ ಒತ್ತಬಹುದಾದ ಗುಂಡಿಗಳಿರಬೇಕು. ಬೆರಳು ತಾಗಿಸುವ ಪರದೆಗೆ ಕೈಗವಸು ಬಿಚ್ಚಬೇಕಾದೀತು. ಪೆನ್ ಸೆಲ್ ಹಾಕುವ ಯಂತ್ರವಾದರೆ ಲಿಥಿಯಂ ಸೆಲ್ಲೇ ಬೇಕು. ಅದು ಮೈನಸ್ 40ರವರೆಗೂ ಕೆಲಸ ಮಾಡುತ್ತದೆ, ಸಾಮಾನ್ಯ ಆಲ್ಕಲೈನ್ ಸೆಲ್ ಅದಕ್ಕೆ ಬಹಳ ಮೊದಲೇ ಸೋಲುತ್ತದೆ. ಯಂತ್ರ ಯಾವ ಭೂಮಾನದ (ಡೇಟಮ್) ಲೆಕ್ಕದಲ್ಲಿ ಸ್ಥಾನ ಹೇಳುತ್ತಿದೆ ಎಂದು ನೋಡಿ ಬದಲಿಸುವ ಸೌಕರ್ಯವೂ ಅಗತ್ಯ. ಕೆನಡಾದ ಹಳೆಯ ಕಾಗದದ ನಕ್ಷೆಗಳು 1927ರ ಮಾನದವು, ಉಪಗ್ರಹಗಳದು 1984ರ ಜಾಗತಿಕ ಮಾನ. ಎರಡೂ ಸರಿಯೇ. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಇಟ್ಟಾಗ ಮಾತ್ರ ಜಾಗ ಸರಿದುಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಬಂದ ದಾರಿಯನ್ನು ಜಾಡಾಗಿ ಉಳಿಸಿ, ಅದೇ ಜಾಡಿನಲ್ಲಿ ಹಿಂದಿರುಗಿಸುವ ಗುಣ. ನೇರ ಗೆರೆ ಯಾರೂ ನಡೆಯದ ದಾರಿ. ಜಾಡಾದರೋ ಬೇಟೆಗಾರನ ಹಿಮವಾಹನದ ಭಾರವನ್ನು ಅದೇ ದಿನ ಹೊತ್ತ ಹಿಮದ ನೆನಪು. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಮೊದಲಿನ ಅನುಭವದ ಮರುಕಳಿಕೆಯಷ್ಟೇ ಎಂದರು. ಹಿಮದ ಮೇಲೆ ಆ ಮರುಕಳಿಕೆಯೇ ಮನೆ ಮುಟ್ಟಿಸುತ್ತದೆ.

ಕ್ಲಾಡಿಯೊ ಅಪೋರ್ಟಾ ಮತ್ತು ಎರಿಕ್ ಹಿಗ್ಸ್ ಎಂಬ ವಿದ್ವಾಂಸರು 2005ರಲ್ಲಿ ಇಗ್ಲೂಲಿಕ್‌ನ ಜಿಪಿಎಸ್ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಆಧಾರವಾಗಿ ಹಿಡಿದದ್ದು ಆಲ್ಬರ್ಟ್ ಬೋರ್ಗ್‌ಮನ್ ಎಂಬ ತತ್ತ್ವಜ್ಞಾನಿಯ ವಿಚಾರವನ್ನು. ಸೌದೆ ಒಲೆಯಿದ್ದ ಮನೆಯಲ್ಲಿ ಕಡಿಯುವವರು, ಹೊರುವವರು, ಉರಿ ನೋಡಿಕೊಳ್ಳುವವರು ಇದ್ದರು. ಶಾಖಯಂತ್ರ ಬಂದ ಮೇಲೆ ಬಿಸಿ ಉಳಿಯಿತು, ಆ ಕೆಲಸಗಳ ಸುತ್ತ ಹೆಣೆದ ಬಾಳು ಕಳಚಿತು ಎನ್ನುತ್ತಾನೆ ಬೋರ್ಗ್‌ಮನ್. ದಾರಿ ಹುಡುಕುವ ವಿದ್ಯೆಗೂ ಇದೇ ಆದೀತೆಂಬ ಆತಂಕ ಸುಳ್ಳಲ್ಲ. ಅಜ್ಜನ ಹಿಂದೆ ಕೂರದೆಯೇ ಹುಡುಗ ಊರು ಮುಟ್ಟುವಂತಾದರೆ ದಿಬ್ಬದ ವ್ಯಾಪ್ತಿಯನ್ನು ಕಲಿಯುವ ಸಂದರ್ಭವೇ ತಪ್ಪುತ್ತದೆ.

ಆದರೂ ಆ ಆತಂಕ ಪೂರ್ತಿ ಕತೆಯನ್ನು ಹೇಳುವುದಿಲ್ಲ. ಪ್ರತ್ಯಕ್ಷವೂ ಮೋಸಹೋಗುವ ಸಂದರ್ಭ ಹಿಮದಲ್ಲೇ ಇದೆ. ದಡಕ್ಕೆ ಅಂಟಿದ ಹಿಮದಿಂದ ಆಚೆ, ಚಲಿಸುವ ಹಿಮದ ಮೇಲೆ ವಾಲ್ರಸ್‌ಗಾಗಿ ಹೋದವನು ಕದಲದೆ ನಿಂತಿದ್ದೇನೆ ಎಂದುಕೊಂಡಿರುತ್ತಾನೆ. ಕಾಲಡಿಯ ಹಿಮ ಅವನನ್ನು ಹೊತ್ತು ಸಾಗುತ್ತಿರುತ್ತದೆ. ಮಂಜಿನಲ್ಲಿ ಅದನ್ನು ಕಣ್ಣು ಹೇಳದು. ಯಂತ್ರದ ಅಂಕಿಗಳು ಬದಲಾಗುತ್ತಿರುವುದರಿಂದ ತಿಳಿಯುತ್ತದೆ. ಇನ್ನು ದಿಬ್ಬದ ಅನುಮಾನಕ್ಕೂ ಕುತ್ತು ಬಂದಿದೆ. ಗಾಳಿಯ ರೀತಿ ಬದಲಾಗಿದೆ, ದಿಬ್ಬಗಳನ್ನು ಮೊದಲಿನಂತೆ ನೆಚ್ಚಲಾಗದು ಎಂದು ಇಗ್ಲೂಲಿಕ್ ಸೇರಿದ ನುನಾವುತ್ ಪ್ರದೇಶದ ಹಿರಿಯರೇ ಹೇಳಿದ್ದಾರೆ. ಹವಾಮಾನ ಕೆಟ್ಟಾಗ ತಲೆಮಾರುಗಳು ಗಳಿಸಿದ ವ್ಯಾಪ್ತಿಯೇ ಮುರಿಯುತ್ತದೆ. ಯಂತ್ರ ಬೇಡವೆಂದು ಅವರಿಗೆ ಬುದ್ಧಿ ಹೇಳುವ ಹಕ್ಕು ದೂರದಲ್ಲಿ ಬೆಚ್ಚಗೆ ಕುಳಿತವರಿಗಿಲ್ಲ.

ಅಪೋರ್ಟಾ ಅದೇ ಯಂತ್ರವನ್ನು ಬೇರೊಂದು ಕೆಲಸಕ್ಕೂ ಹಚ್ಚಿದರು. ಇನ್ಯೂಟರ ಹಾದಿಗಳು ಪ್ರತಿ ಬೇಸಿಗೆಯಲ್ಲೂ ಹಿಮದ ಜೊತೆ ಕರಗಿ, ಮುಂದಿನ ಚಳಿಗಾಲ ಬಹುಪಾಲು ಅದೇ ಜಾಗದಲ್ಲಿ ಮತ್ತೆ ಮೂಡುತ್ತವೆ, ಜನರ ನೆನಪು ಮತ್ತು ಮಾತಿನ ಬಲದಿಂದ. ಬೇಟೆಗಾರರ ಜೊತೆ ಪಯಣಿಸುತ್ತ ಅವರು ಆ ಹಾದಿಗಳನ್ನು ಜಿಪಿಎಸ್‌ನಲ್ಲಿ ದಾಖಲಿಸಿದರು. ಇಗ್ಲೂಲಿಕ್‌ನ ಹಿರಿಯರು 1986ರಿಂದಲೇ ತಮ್ಮ ತಿಳಿವಳಿಕೆಯನ್ನು ಧ್ವನಿಮುದ್ರಿಸಿಡುವ ಕೆಲಸಕ್ಕೆ ಕೈಹಾಕಿದ್ದರು. 2019ರಲ್ಲಿ ಆರ್ಕ್ಟಿಕ್ ಐಡರ್ ಸೊಸೈಟಿ ಎಂಬ ಸಂಸ್ಥೆ ಸಿಕು ಎಂಬ ಆ್ಯಪ್ ತಂದಿತು. ಅದರಲ್ಲಿ ಬೇಟೆಗಾರರು ತಮ್ಮ ಭಾಷೆಯ ಸ್ಥಳನಾಮಗಳನ್ನೂ ಅಪಾಯದ ಹಿಮವನ್ನೂ ಗುರುತಿಸಿ ಒಬ್ಬರಿಗೊಬ್ಬರು ತಿಳಿಸಬಹುದು. ಉಪಗ್ರಹಗಳು ಆಡದೆ ಬಿಟ್ಟ ಮಾತನ್ನು ಈಗ ಊರವರೇ ಆಡುತ್ತಿದ್ದಾರೆ. ಅವರು ಕಂಡು ಬಲ್ಲವರು, ನೆರೆಯವನು ಬದುಕಲಿ ಎಂದು ಬಯಸುವವರು. ವಾತ್ಸ್ಯಾಯನನ ಎರಡೂ ಲಕ್ಷಣ ಅವರಿಗೆ ಒಪ್ಪುತ್ತವೆ. ಹಾಗೆಂದು ಹಾರ್ಪೂನನ್ನು ಯಾರೂ ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಬೆಳಿಗ್ಗೆ ಒಬ್ಬ ಗಟ್ಟಿಯೆಂದು ಗುರುತು ಹಾಕಿದ ಹಿಮ, ಉಬ್ಬರ ಇಳಿದು ಗಾಳಿ ತಿರುಗಿದರೆ, ಸಂಜೆಗೆ ಬಿರುಕು ಬಿಟ್ಟಿರಬಹುದು.