ಸತ್ತವನ ಮಾನ, ಉಳಿದವರ ಮಾನ

ನಾವು ಮೆಚ್ಚಿದ ವೀರ ತನ್ನ ಕೈಯಾರೆ ಪ್ರಾಣ ಕಳೆದುಕೊಂಡನೆಂದು ಒಪ್ಪುವುದು ಕಷ್ಟ. ಯಾರೋ ಕೊಂದರೆಂದು ನಂಬುವುದು ಸುಲಭ. ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸನ ಸಾವಿನ ಬಗೆಗೆ ನಡೆದ ವಾದವನ್ನು ನೋಡಿದಾಗ ನನಗೆ ಹೀಗೆನ್ನಿಸುತ್ತದೆ.

ಕ್ಲಾರ್ಕನ ಜೊತೆಯಲ್ಲಿ 1804ರಿಂದ 1806ರವರೆಗೆ ಮಿಸೌರಿ ನದಿಯಗುಂಟ ಸಾಗಿ, ಪರ್ವತ ದಾಟಿ, ಪೆಸಿಫಿಕ್ ಸಾಗರವನ್ನು ಕಂಡು ಬಂದ ಧೀರ ಈತ. ಅನಂತರ ಲೂಯಿಸಿಯಾನ ಪ್ರಾಂತದ ಗವರ್ನರಾದ. ಅಲ್ಲಿ ಅವನು ಸರಕಾರಕ್ಕಾಗಿ ಮಾಡಿದ ಕೆಲವು ವೆಚ್ಚಗಳನ್ನು ವಾಷಿಂಗ್‌ಟನ್ ಒಪ್ಪಲಿಲ್ಲ. ಸಾಲ ಕೊಟ್ಟವರು ಮುತ್ತಿಕೊಂಡರು. ಲೆಕ್ಕ ಒಪ್ಪಿಸಲು ಹೊರಟವನು 1809ರ ಅಕ್ಟೋಬರ್ 10ರ ಸಂಜೆ ಟೆನೆಸ್ಸಿಯ ಕಾಡುದಾರಿಯಲ್ಲಿ ಗ್ರೈಂಡರ್ ಎಂಬವರ ಮನೆಯಲ್ಲಿ ತಂಗಿದ. ರಾತ್ರಿ ಎರಡು ಗುಂಡಿನ ಸದ್ದಾಯಿತು. ಮರುದಿನ ಬೆಳಕು ಹರಿದ ಮೇಲೆ ಪ್ರಾಣ ಹೋಯಿತು. ಆಗ ಅವನಿಗೆ 35 ವರ್ಷ.

ಕೊಲೆಯೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆ ದಾರಿ ಕಳ್ಳರಿಗೆ ಹೆಸರಾದದ್ದು. ಗಾಯಗಳು ಎರಡು. ಕಣ್ಣಾರೆ ಕಂಡವರಿಲ್ಲ. ಮನೆಯೊಡತಿಯ ಹೇಳಿಕೆ ಕಾಲಕಾಲಕ್ಕೆ ಬದಲಾಯಿತು. 1848ರಲ್ಲಿ ಅವನಿಗೆ ಸ್ಮಾರಕ ಕಟ್ಟಿಸಿದ ಸಮಿತಿಯೂ, ಕೊಲೆಯೇ ಹೆಚ್ಚು ಸಂಭವವೆಂದು ಬರೆಯಿತು.

ಇನ್ನೊಂದು ತಟ್ಟೆಯಲ್ಲಿರುವುದೇನು? ಹಿಂದಿನ ತಿಂಗಳು ದಾರಿಯಲ್ಲಿ ಒಂದು ಕೋಟೆಗೆ ಬಂದಾಗಲೇ ಅವನ ಚಿತ್ತ ಕದಡಿತ್ತು. ದೋಣಿಯಲ್ಲಿ ಸಾಯಲು ಯತ್ನಿಸಿದ್ದನೆಂದು ಕೇಳಿ ಕೋಟೆಯ ಅಧಿಕಾರಿ ರಸೆಲ್ ಅವನನ್ನು ಕಾವಲಿನಲ್ಲಿಟ್ಟ. ಪ್ರಯಾಣದ ನಡುವೆಯೇ ಲೂಯಿಸ್ ತಾಯಿಯ ಹೆಸರಿಗೆ ಉಯಿಲು ಬರೆದಿದ್ದ. ಎಲ್ಲಕ್ಕಿಂತ ಭಾರವಾದದ್ದು, ಅವನನ್ನು ಬಲ್ಲವರ ಮಾತು. ಮಿತ್ರನಾದ ಕ್ಲಾರ್ಕನೂ, ಪೋಷಕನಾದ ಜೆಫರ್ಸನ್ನನೂ ಆತ್ಮಹತ್ಯೆಯ ಸುದ್ದಿಯನ್ನು ನಂಬಿದರು. ಪ್ರೀತಿಸಿದವರು ಇಂಥ ಸುದ್ದಿಯನ್ನು ಸುಮ್ಮನೆ ನಂಬುತ್ತಾರೆಯೇ? ಗಾಯ ಎರಡೆಂಬ ವಾದವೂ ಗಟ್ಟಿಯಲ್ಲ. ಮೊದಲ ಗುಂಡು ಕೊಲ್ಲದಿದ್ದರೆ ಎರಡನೆಯ ಪಿಸ್ತೂಲು ಕೈಗೆ ಸಿಗುವುದು ಅಸಾಧ್ಯವೇನಲ್ಲ.

ನನ್ನ ಮಟ್ಟಿಗೆ ತಕ್ಕಡಿ ಆತ್ಮಹತ್ಯೆಯ ಕಡೆಗೇ ವಾಲುತ್ತದೆ. ಆದರೆ ನನ್ನ ಮುಖ್ಯ ಪ್ರಶ್ನೆ ಬೇರೆ. ಕೊಲೆಯೆಂದು ಹೇಳಿದರೆ ಕೊಲೆಗಾರನೊಬ್ಬ ಬೇಕಲ್ಲವೆ? ಆ ಸ್ಥಾನಕ್ಕೆ ಜನ ಎಳೆತಂದವರು ಯಾರು? ಮನೆಯ ಯಜಮಾನ ಗ್ರೈಂಡರ್, ಸಂಬಳ ಬಾಕಿಯಿದ್ದ ಆಳು ಪರ್ನಿಯರ್, ಜೊತೆಯಲ್ಲಿ ಹೊರಟಿದ್ದ ಅಧಿಕಾರಿ ನೀಲಿ. ಯಾರ ಮೇಲೂ ಅಪರಾಧ ರುಜುವಾಗಲಿಲ್ಲ. ವೀರನ ಹಣೆಯ ಮೇಲೆ ಕಳಂಕ ಕೂಡದೆಂದು ಅದನ್ನು ಬಡವರ ಹಣೆಗೆ ಒರಸಿದಂತಾಯಿತು. ವೀರನ ಪರವಾಗಿ ವಾದಿಸಲು ಸಮಿತಿಗಳಿವೆ. ಆಳಿನ ಪರವಾಗಿ ಯಾರಿದ್ದಾರೆ?

ಅಲ್ಲದೆ, ಅದು ಕಳಂಕವೇ? ಕಾಲು ಮುರಿದವನನ್ನು ನಾವು ಹೇಡಿಯೆನ್ನುವುದಿಲ್ಲ. ಮನಸ್ಸು ಮುರಿದವನನ್ನು ಮಾತ್ರ ಏಕೆ ಅನ್ನಬೇಕು? ಕರಡಿಗೂ ಹಿಮಕ್ಕೂ ಅಂಜದವನನ್ನು ಒಳಗಿನ ಕತ್ತಲೆ ಸೋಲಿಸಿದರೆ, ಅವನು ದಾಟಿದ ಪರ್ವತಗಳ ಎತ್ತರ ಒಂದು ಅಡಿಯೂ ಕಡಿಮೆಯಾಗುವುದಿಲ್ಲ.

ಗುಂಡಿನ ಸದ್ದಾದ ಮೇಲೆ ಅವನು ನೀರು ನೀರೆಂದು ಬೇಡಿದನಂತೆ. ಮನೆಯೊಡತಿ ಹೆದರಿ ಬೆಳಗಿನ ತನಕ ಬಾಗಿಲು ತೆರೆಯಲಿಲ್ಲ. ಕೊಂದವರಾರೆಂದು ಇನ್ನೂರು ವರ್ಷ ಹುಡುಕಿದ ನಾವು, ನೋವಿನಿಂದ ಕೂಗುವವನಿಗೆ ಬಾಗಿಲು ತೆರೆಯುವುದನ್ನು ಇನ್ನಾದರೂ ಕಲಿತಿದ್ದೇವೆಯೇ?