ನಾಯಿಮರಿಯ ಆಯ್ಕೆಯಲ್ಲಿ ಧರ್ಮವಿಚಾರ

ಅರಸೀಕೆರೆಯ ಸೀಮೆಯ ರೈತನು ಎತ್ತನ್ನು ಕೊಳ್ಳುವಾಗ ತೋರುವ ಎಚ್ಚರವು ಎಲ್ಲರೂ ಬಲ್ಲದ್ದು. ಹಳ್ಳಿಕಾರ್ ಆಗಲಿ ಅಮೃತಮಹಲ್ ಆಗಲಿ, ಬಾಯಿ ತೆರೆಸಿ ಹಲ್ಲನ್ನು ನೋಡುತ್ತಾನೆ, ಗೊರಸನ್ನು ಎತ್ತಿಸುತ್ತಾನೆ, ಸುಳಿಗಳನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನಲ್ಲಿ ದೋಷವುಂಟೇ ಎಂದು ವಿಚಾರಿಸುತ್ತಾನೆ. ಇಷ್ಟನ್ನು ಬಲ್ಲ ಮನೆತನದವನೇ ಪೇಟೆಗೆ ಹೋಗಿ, ಮಗುವಿನ ಹಟಕ್ಕಾಗಿ ಒಂದು ನಾಯಿಮರಿಯನ್ನು ಕೊಳ್ಳುವಾಗ, ಮುಖವೊಂದನ್ನು ಮಾತ್ರ ನೋಡಿ ಹಣವನ್ನು ಎಣಿಸಿಕೊಟ್ಟು ಬರುತ್ತಾನೆ. ಈ ವ್ಯತ್ಯಾಸಕ್ಕೆ ಕಾರಣವೇನು? ಎತ್ತು ದುಡಿಯಬೇಕಾದುದು, ಅದರ ಊನವು ಕೊಂಡವನಿಗೆ ನಷ್ಟ. ನಾಯಿಮರಿಯು ಸಂತೋಷಕ್ಕಾಗಿ ತಂದುದು. ಅದರ ಊನವನ್ನು ಅನುಭವಿಸತಕ್ಕದ್ದು ಆ ಮೂಕಪ್ರಾಣಿಯೇ. ತನ್ನ ನಷ್ಟದ ವಿಷಯದಲ್ಲಿ ಕಣ್ಣು ತೆರೆದಿರುವ ಮನುಷ್ಯನು, ತನ್ನ ಕೈಗೆ ಬರಲಿರುವ ಪ್ರಾಣಿಯ ಕಷ್ಟದ ವಿಷಯದಲ್ಲಿಯೂ ಅಷ್ಟೇ ಕಣ್ಣು ತೆರೆದಿರಬೇಕೇ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ದೃಷ್ಟಾಂತಕ್ಕೆ ಪಗ್ ಎಂಬ ತಳಿಯನ್ನೇ ತೆಗೆದುಕೊಳ್ಳಬಹುದು. ೨೦೦೩ರಲ್ಲಿ ಹಚ್ ಎಂಬ ದೂರವಾಣಿ ಸಂಸ್ಥೆಯವರು, ಒಬ್ಬ ಹುಡುಗನನ್ನು ಎಲ್ಲಿಗೆ ಹೋದರೂ ಹಿಂಬಾಲಿಸುವ ಪುಟ್ಟ ನಾಯಿಯೊಂದನ್ನು ದೂರದರ್ಶನದ ಜಾಹೀರಾತಿನಲ್ಲಿ ತೋರಿಸಿದರು. ಅಂದಿನಿಂದ ಈ ತಳಿಯು ದೇಶದಲ್ಲೆಲ್ಲ ಮನೆಮಾತಾಯಿತು. ಅದನ್ನು 'ಹಚ್ ನಾಯಿ' ಎಂದೇ ಕರೆದವರು ಬಹುಮಂದಿ. ಚಪ್ಪಟೆಯಾದ ಮುಖ, ದುಂಡಗೆ ಹೊರಚಾಚಿದ ಕಣ್ಣು, ಹಣೆಯ ಮೇಲೆ ಚಿಂತೆಯ ಗೆರೆಗಳಂತೆ ಕಾಣುವ ಮಡಿಕೆಗಳು, ಬೆನ್ನಿನ ಮೇಲೆ ಸುರುಳಿ ಸುತ್ತಿದ ಬಾಲ, ಬೆಳೆದರೂ ಆರರಿಂದ ಎಂಟು ಕಿಲೋಗ್ರಾಂ ಮೀರದ ಮೈ: ಇವೆಲ್ಲ ಕೂಡಿ ಎಳೆಯ ಮಗುವನ್ನು ನೋಡಿದಾಗ ಉಂಟಾಗುವ ವಾತ್ಸಲ್ಯವನ್ನೇ ಉಂಟುಮಾಡುತ್ತವೆ. ಅದರ ಸ್ವಭಾವವೂ ಸೌಮ್ಯವಾದುದು. ಮಕ್ಕಳೊಡನೆ ಬೇಗ ಹೊಂದಿಕೊಳ್ಳತಕ್ಕದ್ದು. ಈ ಗುಣಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ನೋಡುವವನ ಕಣ್ಣಿಗೆ ಯಾವುದು ಚೆಲುವೋ ಅದೇ ಆ ಪ್ರಾಣಿಗೆ ಸಂಕಟವಾಗಿ ಪರಿಣಮಿಸಿದೆ. ಹೇಗೆಂದರೆ, ಮುಖದ ಎಲುಬು ಮೋಟಾದರೂ ಅದರೊಳಗಿನ ಮಾಂಸವು ಅದಕ್ಕನುಗುಣವಾಗಿ ಕುಗ್ಗಲಿಲ್ಲ. ಅಂಗುಳಿನ ಹಿಂಭಾಗದ ಮೆತ್ತನೆಯ ಭಾಗವು ಉದ್ದವಾಗಿ ಉಳಿದು ಗಂಟಲಿನ ದಾರಿಗೆ ಅಡ್ಡ ಬೀಳುತ್ತದೆ. ಮೂಗಿನ ಹೊಳ್ಳೆಗಳು ಸೀಳಿನಂತೆ ಕಿರಿದಾಗುತ್ತವೆ. ಮನುಷ್ಯನಂತೆ ಮೈಯೆಲ್ಲ ಬೆವರಿ ತಣಿಯುವ ಶಕ್ತಿಯು ನಾಯಿಗೆ ಇಲ್ಲ. ನಾಲಗೆಯನ್ನು ಚಾಚಿ ಏದುತ್ತ, ಮೂಗು ಬಾಯಿಗಳ ಪಸೆಯನ್ನು ಆರಿಸಿಕೊಂಡೇ ಅದು ಒಳಗಿನ ಕಾವನ್ನು ಕಳೆದುಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದ ಪ್ರಾಣಿಯು ಬೇಸಗೆಯಲ್ಲಿ ಏನು ಮಾಡೀತು? ಮಾಲೇಕಲ್ಲಿನ ಬೆಟ್ಟದ ಕಲ್ಲುಮೆಟ್ಟಿಲುಗಳು ಚೈತ್ರ ವೈಶಾಖಗಳ ಬಿಸಿಲಿಗೆ ಕಾದಿರುವಾಗ, ವೆಂಕಟರಮಣನ ದರ್ಶನಕ್ಕೆ ಹೊರಟ ಭಕ್ತರೇ ನಡುನಡುವೆ ನೆರಳನ್ನು ಹುಡುಕಿ ನಿಲ್ಲುತ್ತಾರೆ. ತಪ್ಪಲಿನ ಬೀದಿನಾಯಿಯಾದರೋ ಅವರಿಗಿಂತ ಮುಂದಾಗಿ ಹತ್ತಿ ಇಳಿಯಬಲ್ಲುದು. ಪಗ್ ನಾಯಿಗೆ ಅಂತಹ ಬಿಸಿಲಿನ ಏರುದಾರಿಯು ಪ್ರಾಣಾಪಾಯಕ್ಕೇ ಕಾರಣವಾಗಬಹುದು. ಅದು ಮಲಗಿ ಗೊರಕೆ ಹೊಡೆಯುವುದನ್ನು ಕೇಳಿ ಮನೆಮಂದಿ ನಗುತ್ತಾರೆ. ಆ ಗೊರಕೆಯು ಅನೇಕ ವೇಳೆ ಉಸಿರಿಗಾಗಿ ನಡೆಯುತ್ತಿರುವ ಹೋರಾಟವೆಂಬುದು ಅವರಿಗೆ ತಿಳಿದಿರುವುದಿಲ್ಲ.

ಈ ತಳಿಯು ಮೊದಲಿನಿಂದಲೂ ಹೀಗೆಯೇ ಇದ್ದಿತೇ? ಇಲ್ಲ. ಚೀನಾದೇಶದಲ್ಲಿ ಹುಟ್ಟಿ ಯೂರೋಪಿಗೆ ಹೋದ ಈ ನಾಯಿಯನ್ನು ಆಂಗ್ಲ ಚಿತ್ರಕಾರನಾದ ವಿಲಿಯಂ ಹೋಗಾರ್ಥನು ೧೭೪೫ರಲ್ಲಿ ತನ್ನ ಸ್ವಂತ ಭಾವಚಿತ್ರದಲ್ಲಿಯೇ ತನ್ನ ಜೊತೆಗೆ ಚಿತ್ರಿಸಿಕೊಂಡಿದ್ದಾನೆ. ಆ ಚಿತ್ರದ ನಾಯಿಗೆ ಮೂತಿಯು ಸ್ಪಷ್ಟವಾಗಿ ಮುಂದೆ ಚಾಚಿದೆ. ಇಂದಿನ ಪಗ್ಗನ್ನು ಕಂಡವರು ಅದನ್ನು ಬೇರೆ ಜಾತಿಯೆಂದೇ ಎಣಿಸಿಯಾರು. ಆ ಮೂತಿಯನ್ನು ಯಾವ ಕ್ರೂರಿಯೂ ಕತ್ತಿಯಿಂದ ಕೊಯ್ಯಲಿಲ್ಲ. ತಲೆಮಾರಿನಿಂದ ತಲೆಮಾರಿಗೆ, ಇದ್ದ ಮರಿಗಳಲ್ಲಿ ಹೆಚ್ಚು ಚಪ್ಪಟೆಯಾದುದನ್ನೇ ಮೆಚ್ಚಿ ಕೊಂಡವರ ಕಣ್ಣು ಅದನ್ನು ಕೊಯ್ದಿತು. ಕೊಳ್ಳುವವರು ಮೆಚ್ಚಿದುದನ್ನೇ ಸಾಕುವವರು ಹುಟ್ಟಿಸಿದರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ವಿದ್ವಾಂಸರು ೨೦೨೨ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಪಗ್ ನಾಯಿಗಳಿಗೆ ಒಂದು ವರ್ಷದೊಳಗೆ ಯಾವುದಾದರೊಂದು ರೋಗವು ತಗಲುವ ಸಂಭವವು ಇತರ ನಾಯಿಗಳಿಗಿಂತ ಸುಮಾರು ಎರಡರಷ್ಟು ಹೆಚ್ಚೆಂದು ಕಂಡುಬಂದಿತು. ಆರೋಗ್ಯದ ದೃಷ್ಟಿಯಿಂದ ಇದನ್ನು ಸಾಮಾನ್ಯ ನಾಯಿಯೆಂದು ಎಣಿಸುವಂತಿಲ್ಲವೆಂದು ಅವರು ತೀರ್ಮಾನಿಸಿದರು. ಹಾಲೆಂಡ್ ದೇಶದಲ್ಲಿ ೨೦೧೯ರಲ್ಲಿ, ಮೂತಿಯ ಉದ್ದವು ತಲೆಬುರುಡೆಯ ಉದ್ದದ ಮೂರನೆಯ ಒಂದು ಪಾಲಿಗಿಂತ ಕಡಮೆಯಾದ ನಾಯಿಗಳಿಂದ ಸಂತಾನವನ್ನು ಪಡೆಯಕೂಡದೆಂಬ ಕಟ್ಟಳೆಯನ್ನು ಮಾಡಿದರು.

ಇಲ್ಲಿಯೇ ಧರ್ಮದ ಸೂಕ್ಷ್ಮವಿರುವುದು. ಮಾಂಸದ ವಿಷಯವನ್ನು ಹೇಳುವಾಗ ಮನುವು ಕೊಲ್ಲುವವನನ್ನಷ್ಟೇ ಘಾತಕನೆಂದು ಹೇಳಿ ನಿಲ್ಲಿಸಲಿಲ್ಲ. ಒಪ್ಪಿಗೆ ಕೊಟ್ಟವನನ್ನೂ, ಮಾರುವವನನ್ನೂ, ಕೊಳ್ಳುವವನನ್ನೂ ಅದೇ ಸಾಲಿನಲ್ಲಿ ಸೇರಿಸಿದನು. ಆ ನ್ಯಾಯವು ಇಲ್ಲಿಗೂ ಸಲ್ಲತಕ್ಕದ್ದು. ಕೊಳ್ಳುವವನು ತಾನು ಈಗಾಗಲೇ ಹುಟ್ಟಿರುವ ಒಂದು ಮರಿಯನ್ನು ಕೊಂಡೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನು ಕೊಟ್ಟ ಹಣವು ಮುಂದೆ ಹುಟ್ಟತಕ್ಕ ಮರಿಗಳಿಗೆ ಬೀಜ. ಅವನ ಮೆಚ್ಚಿಕೆಯೇ ಅವುಗಳ ಮೂಗಿಗೆ ಅಳತೆ. ಆದುದರಿಂದ ಆರೋಗ್ಯವುಳ್ಳ ಮರಿಯನ್ನು ಆರಿಸುವುದು ಕೇವಲ ವ್ಯವಹಾರದ ಜಾಣತನವಲ್ಲ. ಇನ್ನೂ ಹುಟ್ಟದ ಪ್ರಾಣಿಗಳ ವಿಷಯದಲ್ಲಿ ಸಲ್ಲಿಸತಕ್ಕ ಒಂದು ಋಣ.

ಹಾಗಾದರೆ ಆರಿಸುವ ಬಗೆ ಯಾವುದು? ಮೊದಲನೆಯದಾಗಿ ಮರಿಯನ್ನು ಅದರ ತಾಯಿಯ ಬಳಿಯಲ್ಲಿಯೇ ನೋಡಬೇಕು. ತಾಯಿಯನ್ನು ತೋರಿಸಲೊಪ್ಪದವನಿಂದ ಮರಿಯನ್ನು ಕೊಳ್ಳಬಾರದು. ತಾಯಿಯು ಸ್ವಲ್ಪ ದೂರ ಓಡಿಬಂದು, ಕೂಡಲೇ ಸದ್ದಿಲ್ಲದೆ ಉಸಿರಾಡಬಲ್ಲುದೇ, ಸಹಜವಾಗಿ ಈಯಿತೇ ಅಥವಾ ಹೊಟ್ಟೆಯನ್ನು ಕೊಯ್ದು ಮರಿಗಳನ್ನು ತೆಗೆಯಬೇಕಾಯಿತೇ ಎಂದು ಕೇಳಿ ತಿಳಿಯಬೇಕು. ೨೦೧೭ರ ಕೇಂದ್ರಸರ್ಕಾರದ ನಿಯಮಗಳಂತೆ, ನಾಯಿಗಳನ್ನು ಸಾಕಿ ಮಾರುವವನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹೆಣ್ಣುನಾಯಿಯಿಂದ ಅದರ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮರಿಗಳನ್ನು ಪಡೆಯಕೂಡದು. ಕೊಳ್ಳುವವರು ಈ ಮಾತುಗಳನ್ನು ಎತ್ತಿ ಕೇಳದಿದ್ದರೆ ನಿಯಮವು ಕಾಗದದ ಮೇಲೆಯೇ ಉಳಿಯುವುದು.

ಎರಡನೆಯದಾಗಿ ಮರಿಯ ಉಸಿರನ್ನು ಪರೀಕ್ಷಿಸಬೇಕು. ಮೂಗಿನ ಹೊಳ್ಳೆಗಳು ದುಂಡಗೆ ತೆರೆದಿರಬೇಕು. ಮರಿಯು ನಿದ್ರಿಸುವಾಗಲೂ, ಆಡುವಾಗಲೂ, ಆಡಿ ನಿಂತ ಮೇಲೂ ಕಿವಿಗೊಟ್ಟು ಕೇಳಬೇಕು. ಎಳೆತನದಲ್ಲಿಯೇ ಸದ್ದಿದ್ದರೆ ಬೆಳೆದಂತೆ ಅದು ಹೆಚ್ಚುವ ಸಂಭವವುಂಟು. ಸದ್ದಿಲ್ಲದಿದ್ದರೂ ಮುಂದೆ ಬಾರದೆಂಬ ಭರವಸೆಯಿಲ್ಲವಾದುದರಿಂದಲೇ ತಾಯಿತಂದೆಗಳನ್ನು ನೋಡಬೇಕೆಂಬ ನಿಯಮ. ಒಡಹುಟ್ಟಿದ ಮರಿಗಳಲ್ಲಿ ಯಾವುದರ ಮೂತಿಯು ಸ್ವಲ್ಪವಾದರೂ ಉದ್ದವೋ ಅದೇ ಮೇಲು, ಮಾರುವವನು ಅದನ್ನು ಕೀಳೆಂದು ಹೇಳಿದರೂ ಸರಿಯೆ. ಮೂರನೆಯದಾಗಿ ಕಣ್ಣುಗಳು ತಿಳಿಯಾಗಿರಬೇಕು; ರೆಪ್ಪೆಗಳು ಪೂರ್ಣವಾಗಿ ಮುಚ್ಚಬೇಕು. ಕಣ್ಣು ಹೊರಚಾಚಿದಷ್ಟೂ ಗಾಯಕ್ಕೂ ಹುಣ್ಣಿಗೂ ಎಡೆ ಹೆಚ್ಚು. ಮುಖದ ಮಡಿಕೆಗಳನ್ನು ಬಿಡಿಸಿ ನೋಡಿದರೆ ಕೆಂಪೂ ದುರ್ಗಂಧವೂ ಇರಬಾರದು. ನಡಿಗೆಯಲ್ಲಿ ಹಿಂಗಾಲುಗಳು ತಡವರಿಸಬಾರದು, ಒಸಡು ನಸುಗೆಂಪಾಗಿರಬೇಕು, ಹೊಟ್ಟೆಯುಬ್ಬರವು ಜಂತುಹುಳುವಿನ ಗುರುತಾಗಬಹುದು. ಕಡೆಯಲ್ಲಿ, ಹಣವನ್ನು ಕೊಡುವುದಕ್ಕೆ ಮುಂಚೆಯೇ ಪಶುವೈದ್ಯರಿಗೆ ತೋರಿಸಿ, ಹಾಕಿಸಿರುವ ಲಸಿಕೆಗಳ ಪತ್ರವನ್ನು ಓದಿಸಬೇಕು.

ಇದಕ್ಕೆ ಪೂರ್ವಪಕ್ಷವೊಂದುಂಟು. "ಎಲ್ಲರೂ ಬಲವಾದ ಮರಿಯನ್ನೇ ಆರಿಸಿದರೆ ಮೂಲೆಯಲ್ಲಿ ಮುದುಡಿ ಕುಳಿತ ರೋಗಿಷ್ಠ ಮರಿಯ ಗತಿಯೇನು? ಕನಿಕರವುಳ್ಳವನು ಅದನ್ನೇ ಅಲ್ಲವೇ ಕೊಳ್ಳಬೇಕು? ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಧರ್ಮರಾಜನ ನಡೆಗೆ ಈ ಪರೀಕ್ಷೆಗಳು ವಿರುದ್ಧವಲ್ಲವೇ?" ಈ ಪ್ರಶ್ನೆಯು ಹಗುರವಾದುದಲ್ಲ. ಕೇಳುವವನ ಹೃದಯವು ಮೃದುವಾದುದೆಂಬುದರಲ್ಲಿಯೂ ಸಂದೇಹವಿಲ್ಲ.

ಆದರೂ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗಿದೆ. ಧರ್ಮರಾಜನು ಆ ನಾಯಿಯನ್ನು ಕೊಳ್ಳಲಿಲ್ಲ; ತನ್ನ ಹಿಂದೆ ಬಂದುದನ್ನು ಬಿಡಲಿಲ್ಲ. ಆಶ್ರಯಿಸಿದುದನ್ನು ತ್ಯಜಿಸದಿರುವುದು ಒಂದು ಧರ್ಮ, ಆರಿಸುವುದು ಇನ್ನೊಂದು. ಮನೆಗೆ ಬಂದ ಮೇಲೆ ಪಗ್ಗಾಗಲಿ ಬೇರೆಯದಾಗಲಿ, ಅದರ ಉಸಿರು ಕೆಟ್ಟರೂ, ಕಣ್ಣು ಹೋದರೂ, ವೈದ್ಯಕ್ಕೆ ಹಣ ತಗುಲಿದರೂ, ಬೀದಿಗೆ ಬಿಡುವ ಅಧಿಕಾರವು ಯಾರಿಗೂ ಇಲ್ಲ. ಅಲ್ಲಿಂದ ಮುಂದೆ ಧರ್ಮರಾಜನ ನಡೆಯೇ ಪ್ರಮಾಣ. ಬಾಗಿಲನ್ನು ದಾಟಿಸುವುದಕ್ಕೆ ಮುಂಚಿನ ಮಾತು ಮಾತ್ರ ಬೇರೆ. ರೋಗಿಷ್ಠ ಮರಿಗೆ ಕನಿಕರಪಟ್ಟು ಬೆಲೆಯನ್ನು ಕೊಟ್ಟರೆ ಆ ಮರಿಯೊಂದು ಬದುಕಬಹುದು. ಮಾರಿದವನಾದರೋ, ರೋಗಕ್ಕೂ ಗಿರಾಕಿಯುಂಟೆಂದು ತಿಳಿದು, ಅದೇ ತಾಯಿಯಿಂದ ಮತ್ತೊಂದು ಸೂಲನ್ನು ಪಡೆಯುವನು. ಒಂದಕ್ಕೆ ತೋರಿದ ದಯೆಯು ಮುಂದಿನ ನಾಲ್ಕಕ್ಕೆ ನಿರ್ದಯೆಯಾಗುವುದು. ಹಾಗೆಂದು ಆ ಮರಿಯನ್ನು ಕಡೆಗಣಿಸಬೇಕೆಂದಲ್ಲ. ಅದನ್ನು ಬೆಲೆಯಿಲ್ಲದೆ ಪಡೆದು ಸಾಕಬಹುದು. ಸಾಕಲಾರದವರು ಬಿಟ್ಟ ನಾಯಿಗಳಿಗೆ ಆಶ್ರಯ ಕೊಡಬಹುದು. ಕನಿಕರಕ್ಕೆ ದಾನದ ದಾರಿಯು ತೆರೆದಿದೆ. ಕ್ರಯದ ದಾರಿಯಲ್ಲಿ ಅದು ಕಾಲಿಟ್ಟರೆ ವ್ಯಾಪಾರದ ಕೈಗೊಂಬೆಯಾಗುತ್ತದೆ.

ನಾಯಿಯನ್ನು ಆರಿಸಿ ಪಡೆದವರ ಮಾತು ಕನ್ನಡನಾಡಿಗೆ ಹೊಸದಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. ೯೪೯-೫೦ರ ವೀರಗಲ್ಲು ಅದಕ್ಕೆ ಸಾಕ್ಷಿ. ಗಂಗರ ಬೂತುಗನ ಸೇವಕನಾದ ಮಣಲೇರನು ತಕ್ಕೋಲದ ಕಾಳಗದಲ್ಲಿ ಪರಾಕ್ರಮವನ್ನು ಮೆರೆದು, ಒಡೆಯನ ಮೆಚ್ಚುಗೆಗೆ ಪಾತ್ರನಾದಾಗ, ಕಾಳಿ ಎಂಬ ನಾಯಿಯನ್ನು ತನಗೆ ಕೊಡಬೇಕೆಂದು ಬೇಡಿದನು. ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಮಡಿದುವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯು ದತ್ತಿಯಾಯಿತು. ಬೇಟೆಗಾಗಿ ಪ್ರಾಣಿಯೊಂದರ ಜೀವವನ್ನು ಒಡ್ಡಿದ ಆ ಪದ್ಧತಿಯನ್ನು ಇಂದಿನವರು ಅನುಸರಿಸಬೇಕಾದುದಿಲ್ಲ. ಅಷ್ಟಾದರೂ ಆ ಕಲ್ಲಿನಲ್ಲಿ ನೆನೆದಿರುವುದು ನಾಯಿಯ ಶಕ್ತಿಯನ್ನೇ ಹೊರತು ಅದರ ಮುಖದ ಅಂದವನ್ನಲ್ಲ. ಓಡಬಲ್ಲ ಕಾಲು, ತುಂಬ ಉಸಿರೆಳೆಯಬಲ್ಲ ಎದೆ, ಇವು ಇದ್ದುದರಿಂದಲೇ ಕಾಳಿಯು ಕಾಳಿಯಾಯಿತು.

ಕಠೋಪನಿಷತ್ತು ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ವಿಭಾಗಿಸಿದೆ. ಅಲ್ಲಿ ಎರಡೂ ಒಬ್ಬನೇ ಮನುಷ್ಯನ ಮುಂದೆ ಬಂದು ನಿಲ್ಲುತ್ತವೆ. ತಪ್ಪಾಗಿ ಆರಿಸಿದರೆ ಕೆಡುವವನು ಆರಿಸಿದವನೇ. ಮರಿಯನ್ನು ಕೊಳ್ಳುವಲ್ಲಿ ಪ್ರೇಯಸ್ಸು ಮನುಷ್ಯನದು, ಶ್ರೇಯಸ್ಸು ನಾಯಿಯದು. ತಪ್ಪಿನ ಫಲವನ್ನು ಹತ್ತು ಹನ್ನೆರಡು ವರ್ಷ ಉಸಿರುಸಿರಿಗೂ ಉಣ್ಣತಕ್ಕ ಪ್ರಾಣಿಗೆ ಆರಿಸುವ ಮಾತಿರುವುದಿಲ್ಲ. ಆದುದರಿಂದಲೇ ಇಲ್ಲಿ ಆರಿಸುವವನ ಹೊಣೆಯು ಹೆಚ್ಚಿನದು.

ಪಗ್ಗನ್ನೇ ತರಬೇಕೆಂಬ ಆಸೆಯುಳ್ಳ ಗೃಹಸ್ಥನು ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಲಿ. ತಂದ ಮೇಲೆ ಬಿಸಿಲಿಗೆ ಒಡ್ಡದೆ, ಮೈ ಕೊಬ್ಬದಂತೆ ಮಿತವಾಗಿ ಉಣಿಸಿ, ಕೊರಳನ್ನು ಬಿಗಿಯದೆ ಎದೆಗೆ ಪಟ್ಟಿಯನ್ನು ಕಟ್ಟಿ ನಡೆಸಲಿ. ಹತ್ತು ಮರಿಗಳನ್ನು ನೋಡಿ ಒಂದೂ ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗುವುದೂ ಒಂದು ಆಯ್ಕೆಯೇ. ಎಲ್ಲಕ್ಕಿಂತ ಕಠಿನವಾದ ಆಯ್ಕೆಯೂ ಅದೇ, ಏಕೆಂದರೆ ಮನೆಯ ಬಾಗಿಲಲ್ಲಿ ಮಗುವು ಕಾದಿರುತ್ತದೆ. ಆ ಮಗುವಿಗೆ ಕಾರಣವನ್ನು ತಿಳಿಯಹೇಳಿ, ಅದರ ಕೈಹಿಡಿದು ಬೀದಿಯ ಕೊನೆಯವರೆಗೆ ಕರೆದುಕೊಂಡು ಹೋದರೆ, ತೆಂಗಿನ ತೋಟದ ಬೇಲಿಯ ಬುಡದಲ್ಲಿ ಊರನಾಯಿಯೊಂದು ಮರಿಹಾಕಿರುವುದು ಕಂಡೀತು. ಅವುಗಳಿಗೆ ಬೆಲೆಯಿಲ್ಲ; ಮೂಗು ಮಾತ್ರ ಬೇಕಾದಷ್ಟು ಉದ್ದವಾಗಿದೆ.